ತವರಿಗೆ ಬಂದ ಗೀಸರ್

2012ರ ಫೆಬ್ರವರಿಯಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ, ಹದಿನಾಲ್ಕು ವರ್ಷಗಳಿಂದ ಹೆಚ್ಚುಕಡಿಮೆ ಖಾಲಿ ಬಿದ್ದಿದ್ದ ಒಂದು ಕಾರ್ಖಾನೆ ಕಟ್ಟಡದಲ್ಲಿ ಮತ್ತೆ ಪಾಳಿಗಳು ಶುರುವಾದವು. ಜನರಲ್ ಎಲೆಕ್ಟ್ರಿಕ್ (ಜಿ.ಇ.) ಕಂಪನಿಯ ಅಪ್ಲಯನ್ಸ್ ಪಾರ್ಕ್ ಎಂಬ ವಿಶಾಲ ಆವರಣದ ಎರಡನೇ ನಂಬರಿನ ಕಟ್ಟಡ ಅದು. ಅಲ್ಲಿ ತಯಾರಾಗತೊಡಗಿದ್ದು ಜಿಯೋಸ್ಪ್ರಿಂಗ್ ಎಂಬ ಗೀಸರ್. ನಮ್ಮ ಬಚ್ಚಲಿನ ಗೋಡೆಗೆ ತೂಗಿಸುವ ಗೀಸರಿನಂಥದ್ದಲ್ಲ. ನೆಲದ ಮೇಲೆ ನಿಲ್ಲುವ ಆಳೆತ್ತರದ ಹಂಡೆ, ಅದರ ನೆತ್ತಿಯ ಮೇಲೊಂದು ಹೀಟ್ ಪಂಪ್. ಸುತ್ತಲಿನ ಗಾಳಿಯಿಂದ ಬಿಸಿಯನ್ನು ಹೀರಿ ನೀರಿಗೆ ಕೊಡುವ ಈ ಯಂತ್ರ ಫ್ರಿಜ್ಜಿನ ಕೆಲಸವನ್ನೇ ತಿರುವುಮುರುವಾಗಿ ಮಾಡುತ್ತದೆ. ಸಾಮಾನ್ಯ ಗೀಸರಿಗೆ ಬೇಕಾದ ವಿದ್ಯುತ್ತಿನಲ್ಲಿ ಅರ್ಧವೂ ಇದಕ್ಕೆ ಬೇಡ. ಅದರ ನಕ್ಷೆ ಹುಟ್ಟಿದ್ದು ಅಮೆರಿಕದಲ್ಲಿ. ಆದರೆ ಮೊದಲ ಕೆಲವು ವರ್ಷ ಅದನ್ನು ಜೋಡಿಸಿದ್ದು ಚೀನಾದ ಒಂದು ಗುತ್ತಿಗೆ ಕಾರ್ಖಾನೆ. ಚೀನಾದಲ್ಲಿ ಮಾಡಿಸಿದಾಗ ಅಂಗಡಿಯಲ್ಲಿ ಅದರ ಬೆಲೆ 1,599 ಡಾಲರ್ ಇತ್ತು. ಲೂಯಿವಿಲ್ಲಿನಲ್ಲಿ ಮಾಡಿದ್ದರ ಬೆಲೆ 1,299 ಡಾಲರ್. ಕೂಲಿ ಅಗ್ಗವಾದ ನಾಡಿನಲ್ಲಿ ಮಾಡಿದ ಸರಕು ದುಬಾರಿಯಾಗಿತ್ತು, ಕೂಲಿ ದುಬಾರಿಯಾದ ಊರಿನಲ್ಲಿ ಮಾಡಿದ ಅದೇ ಸರಕು ಮುನ್ನೂರು ಡಾಲರ್ ಅಗ್ಗವಾಯಿತು.

ಇದಕ್ಕೆ ಎಲ್ಲರೂ ಹೇಳುವ ಸಮಾಧಾನವೊಂದಿದೆ. ಚೀನಾದ ಕೂಲಿ 2000ದಿಂದಾಚೆಗೆ ಹಲವು ಪಟ್ಟು ಏರಿತು, ಕಚ್ಚಾತೈಲ ತುಟ್ಟಿಯಾಗಿ ಹಡಗಿನ ಬಾಡಿಗೆ ಹೆಚ್ಚಿತು, ಅತ್ತ ಅಮೆರಿಕದಲ್ಲಿ ನೈಸರ್ಗಿಕ ಅನಿಲ ಅಗ್ಗವಾಯಿತು. ತಕ್ಕಡಿ ಅತ್ತ ವಾಲಿತು, ಕಾರ್ಖಾನೆ ಹಿಂದಿರುಗಿತು ಎಂದು. ಇದರಲ್ಲಿ ಸುಳ್ಳೇನಿಲ್ಲ. ಆದರೆ ಇಷ್ಟನ್ನೇ ನಂಬಿದರೆ ಒಂದು ವಿಷಯ ಅರ್ಥವಾಗದೆ ಉಳಿಯುತ್ತದೆ. 2012ರಲ್ಲೂ ಚೀನಾದ ಕಾರ್ಮಿಕನ ಕೂಲಿ ಕೆಂಟಕಿಯ ಕಾರ್ಮಿಕನದಕ್ಕಿಂತ ಎಷ್ಟೋ ಕಡಿಮೆಯೇ ಇತ್ತು. ತಕ್ಕಡಿ ವಾಲುವುದಿರಲಿ, ಸಮಕ್ಕೂ ಬಂದಿರಲಿಲ್ಲ. ನನ್ನ ವಾದ ಇಷ್ಟು: ಕಂಪನಿಗಳು ಊರು ಬಿಟ್ಟಾಗ ಹಾಕಿದ ಲೆಕ್ಕದಲ್ಲಿ ಬೆಲೆಗಳಿಗಿಂತ ದೊಡ್ಡ ತಪ್ಪು ಕಾಲಂಗಳಲ್ಲಿತ್ತು. ವಸ್ತುವನ್ನು ಕೈಯಾರೆ ಮಾಡುವವರಿಗೆ ಆ ವಸ್ತುವಿನ ಬಗ್ಗೆ ಗೊತ್ತಿರುವುದಕ್ಕೆ ಆ ಖಾತೆಪುಸ್ತಕದಲ್ಲಿ ಜಾಗವೇ ಇರಲಿಲ್ಲ. ಆ ಬಿಟ್ಟುಹೋದ ಖಾತೆ ಹೇಗೋ ಕಣ್ಣಿಗೆ ಬಿದ್ದಾಗ ಉತ್ಪಾದನೆ ತವರಿಗೆ ಮರಳುತ್ತದೆ. ಹಾಗೆ ಮರಳಿದ್ದು ಹೋದದ್ದರ ರೂಪದಲ್ಲೇ ಇರುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಅಪ್ಲಯನ್ಸ್ ಪಾರ್ಕಿನ ಚರಿತ್ರೆ ಈ ವಾದಕ್ಕೆ ಒಳ್ಳೆಯ ಸಾಕ್ಷಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಪ್ರತಿ ಮನೆಗೂ ಫ್ರಿಜ್, ವಾಷಿಂಗ್ ಮೆಷಿನ್, ವಿದ್ಯುತ್ ಒಲೆ ಬೇಕಾಗಿದ್ದ ಕಾಲ. ಅಲ್ಲಲ್ಲಿ ಚದುರಿದ್ದ ತಯಾರಿಕೆಯನ್ನೆಲ್ಲ ಒಂದೆಡೆ ತರಲು ಜಿ.ಇ. 1951ರಲ್ಲಿ ಲೂಯಿವಿಲ್ಲಿನ ಅಂಚಿನಲ್ಲಿ ನೂರಾರು ಎಕರೆ ಹೊಲ ಕೊಂಡಿತು. 1953ರ ಹೊತ್ತಿಗೆ ಅಲ್ಲಿಂದ ಯಂತ್ರಗಳು ಹೊರಬರತೊಡಗಿದವು. ದೈತ್ಯ ಕಟ್ಟಡಗಳ ಸಾಲು, ಒಳಗೇ ರಸ್ತೆ, ಒಳಗೇ ಟ್ರಾಫಿಕ್ ದೀಪ, ಸ್ವಂತದ್ದೇ ಅಂಚೆ ಸಂಖ್ಯೆ. ಖಾಸಗಿ ವ್ಯಾಪಾರ ಸಂಸ್ಥೆಯೊಂದು ಕೊಂಡ ಮೊದಲ ಯುನಿವ್ಯಾಕ್ ಕಂಪ್ಯೂಟರ್ ಬಂದು ಕುಳಿತದ್ದು 1954ರಲ್ಲಿ ಇದೇ ಆವರಣದಲ್ಲಿ. ಅದಕ್ಕೆ ಒಪ್ಪಿಸಿದ ಮೊದಲ ಕೆಲಸಗಳಲ್ಲೊಂದು ಕಾರ್ಮಿಕರ ಸಂಬಳದ ಪಟ್ಟಿ ಹಾಕುವುದು. ಯಂತ್ರಕ್ಕೆ ಲೆಕ್ಕ ಕಲಿಸಿದಾಗ ಮೊದಲು ಕಲಿಸಿದ್ದು ಕೂಲಿಯ ಲೆಕ್ಕವನ್ನೇ ಎನ್ನುವುದು, ಮುಂದಿನ ಕತೆ ಗೊತ್ತಿರುವವರಿಗೆ, ಬರೀ ಕಾಕತಾಳೀಯ ಎನ್ನಿಸುವುದಿಲ್ಲ. 1955ರಲ್ಲಿ ಅಲ್ಲಿ 16,000 ಜನ ದುಡಿಯುತ್ತಿದ್ದರು. 1973ರಲ್ಲಿ ಆ ಸಂಖ್ಯೆ ಸುಮಾರು 23,000ಕ್ಕೆ ಏರಿತು. ಅದೇ ತುತ್ತತುದಿ, ಅಲ್ಲಿಂದಾಚೆಗೆ ಇಳಿಜಾರು. 2011ರ ಹೊತ್ತಿಗೆ ಪಾಳಿಯ ಕಾರ್ಡು ಒತ್ತುವ ಕಾರ್ಮಿಕರು ಎರಡು ಸಾವಿರವೂ ಇರಲಿಲ್ಲ.

ಆ ಇಳಿಜಾರಿಗೆ ಒಬ್ಬರನ್ನೇ ಹೊಣೆ ಮಾಡಲಾಗದು. 1960ರ ದಶಕದ ಕೊನೆಯಲ್ಲಿ ಅಲ್ಲಿ ಮುಷ್ಕರ ಹಬ್ಬಹರಿದಿನಗಳಷ್ಟು ಮಾಮೂಲಾಗಿತ್ತು. ಆಡಳಿತ ಮತ್ತು ಯೂನಿಯನ್ ಪರಸ್ಪರ ಮಾತಾಡುತ್ತಿದ್ದುದು ದೂರುಪತ್ರಗಳ ಮೂಲಕ. ಅದಕ್ಕಿಂತ ಹೆಚ್ಚು ಕಲಿಸುವ ಪ್ರಸಂಗ 1980ರ ದಶಕದ್ದು. ಫ್ರಿಜ್ಜಿನ ಜೀವಾಳ ಕಂಪ್ರೆಸರ್. ಲೂಯಿವಿಲ್ಲಿನಲ್ಲಿ ಒಂದು ಕಂಪ್ರೆಸರ್ ಮಾಡಲು ಹಿಡಿಯುತ್ತಿದ್ದ ಹೊತ್ತಿನಲ್ಲಿ ಜಪಾನು, ಇಟಲಿಗಳ ಕಾರ್ಖಾನೆಗಳು ಎರಡಕ್ಕಿಂತ ಹೆಚ್ಚು ಮಾಡಿ ಮುಗಿಸುತ್ತಿದ್ದವು. ಹೊರಗಿನಿಂದ ಕೊಳ್ಳುವುದೇ ಲಾಭ ಎಂದು ಲೆಕ್ಕಿಗರು ಹೇಳಿದರು. ಕಂಪನಿ ಆಗ ಒಪ್ಪದೆ, ಟೆನ್ನೆಸಿಯ ಕೊಲಂಬಿಯಾದಲ್ಲಿ 12 ಕೋಟಿ ಡಾಲರಿನ ಸ್ವಯಂಚಾಲಿತ ಕಾರ್ಖಾನೆ ಕಟ್ಟಿ, ರೋಟರಿ ಎಂಬ ಹೊಸ ಬಗೆಯ ಕಂಪ್ರೆಸರ್ ತಯಾರಿಸಿತು. 1986ರಲ್ಲಿ ಅದನ್ನು ಅಳವಡಿಸಿದ ಫ್ರಿಜ್ಜುಗಳು ಮಾರುಕಟ್ಟೆಗೆ ಬಂದವು. ಎರಡೇ ವರ್ಷಕ್ಕೆ ಅವು ಒಂದೊಂದಾಗಿ ಕೈಕೊಡತೊಡಗಿದವು. ಹತ್ತು ಲಕ್ಷಕ್ಕೂ ಮೀರಿ ಕಂಪ್ರೆಸರ್‌ಗಳನ್ನು ಕಂಪನಿ ತನ್ನ ಖರ್ಚಿನಲ್ಲಿ ಬದಲಿಸಬೇಕಾಯಿತು. 1988ರಲ್ಲಿ ಅದಕ್ಕಾಗಿ ನಷ್ಟದ ಖಾತೆಗೆ ಬರೆದದ್ದು 45 ಕೋಟಿ ಡಾಲರ್. ವಿಚಾರಣೆ ನಡೆಸಿದಾಗ ಹೊರಬಿದ್ದ ಸಂಗತಿ ಇನ್ನೂ ಕಹಿಯಾದದ್ದು: ಪರೀಕ್ಷೆಯ ವೇಳೆ ಬಿಚ್ಚಿ ನೋಡಿದ ತಂತ್ರಜ್ಞರು ಒಳಗಿನ ಭಾಗಗಳು ಬಿಸಿಗೆ ಬಣ್ಣಗೆಟ್ಟಿರುವುದನ್ನು ಆಗಲೇ ಕಂಡಿದ್ದರು, ಹೇಳಿಯೂ ಇದ್ದರು. ಆ ಮಾತು ಮೇಲಿನ ಮೆಟ್ಟಿಲುಗಳನ್ನು ಏರುವಷ್ಟರಲ್ಲಿ ಕರಗಿಹೋಗಿತ್ತು. ಊರಲ್ಲೇ ಕಾರ್ಖಾನೆ ಇದ್ದ ಮಾತ್ರಕ್ಕೆ ಕೈಯ ಅರಿವು ತಲೆಗೆ ಮುಟ್ಟುತ್ತದೆ ಎಂದೇನೂ ಅಲ್ಲ. ಆದರೆ ಕಂಪನಿ ಈ ಸೋಲಿನಿಂದ ಕಲಿತದ್ದು ಬೇರೆ ಪಾಠ: ಇನ್ನು ಮೇಲೆ ಹೊರಗಿನಿಂದ ಕೊಳ್ಳೋಣ.

ಆ ಪಾಠಕ್ಕೆ ತತ್ವಶಾಸ್ತ್ರದ ರೂಪ ಕೊಟ್ಟವರು ಆಗಿನ ಮುಖ್ಯಸ್ಥ ಜ್ಯಾಕ್ ವೆಲ್ಚ್. ತನ್ನ ಪ್ರತಿಯೊಂದು ಕಾರ್ಖಾನೆಯೂ ಒಂದು ಸರಕುದೋಣಿಯ ಮೇಲಿದ್ದರೆ ಎಷ್ಟು ಚೆನ್ನ, ನಾಣ್ಯದ ಬೆಲೆ ಮತ್ತು ಮಾರುಕಟ್ಟೆಯ ಗಾಳಿ ಬೀಸಿದ ಕಡೆಗೆ ತೇಲಿಸಿಕೊಂಡು ಹೋಗಬಹುದಿತ್ತು ಎಂಬರ್ಥದ ಮಾತನ್ನು ಅವರು 1990ರ ದಶಕದ ಕೊನೆಗೆ ಆಡಿದ್ದರು. ಮಾಡುವುದು ಬೇರೆ, ಯೋಚಿಸುವುದು ಬೇರೆ, ಎರಡನ್ನೂ ಯಾವ ದಡದಲ್ಲಿ ಬೇಕಾದರೂ ಇಳಿಸಬಹುದು ಎಂಬ ನಂಬಿಕೆ ಅದರ ಹಿಂದಿತ್ತು. ಯೋಚಿಸುವ ಕೆಲಸದ ಒಂದು ಪಾಲು ಬೆಂಗಳೂರಿನಲ್ಲೂ ಇಳಿಯಿತು. 2000ದಲ್ಲಿ ವೈಟ್‌ಫೀಲ್ಡಿನಲ್ಲಿ ತೆರೆದ ಜಿ.ಇ.ಯ ಸಂಶೋಧನಾ ಕೇಂದ್ರಕ್ಕೆ ವೆಲ್ಚ್ ಅವರದೇ ಹೆಸರು. ಬೆಂಗಳೂರಿಗೆ ಲಾಭವಾದ ನೀತಿಯನ್ನು ಇಲ್ಲಿ ಕುಳಿತು ಟೀಕಿಸುವುದು ಉಂಡ ಮನೆಯ ಜಂತೆ ಎಣಿಸಿದ ಹಾಗಾದೀತು. ಆದರೂ ಹೇಳಬೇಕಾದ ಮಾತೆಂದರೆ, ದೋಣಿಗೆ ಏರಿಸಲು ಆಗುವುದು ಅಚ್ಚು, ಯಂತ್ರ, ನಕ್ಷೆಗಳನ್ನು ಮಾತ್ರ. ಬೆಸುಗೆ ಹಾಕುವವನ ಮಣಿಕಟ್ಟು ಯಾವ ಮೂಲೆಗೆ ಹೊರಳುವುದಿಲ್ಲ ಎಂಬ ಅರಿವು ಆ ಸಾಮಾನಿನ ಪಟ್ಟಿಯಲ್ಲಿ ಇರುವುದಿಲ್ಲ. ವೆಲ್ಚ್ ನಂತರ ಬಂದ ಜೆಫ್ ಇಮ್ಮೆಲ್ಟ್ 2008ರಲ್ಲಿ ಗೃಹಬಳಕೆ ವಸ್ತುಗಳ ವ್ಯವಹಾರವನ್ನೇ ಮಾರಲು ಹೊರಟರು. ಅದೇ ಹೊತ್ತಿಗೆ ಹಣಕಾಸಿನ ಜಗತ್ತು ಕುಸಿದು, ಕೊಳ್ಳುವವರು ಸಿಗಲಿಲ್ಲ. ಅಪ್ಲಯನ್ಸ್ ಪಾರ್ಕಿನ ಪುನರ್ಜನ್ಮಕ್ಕೆ ದೂರದೃಷ್ಟಿಯಷ್ಟೇ ಈ ಮಾರಾಟವಾಗದ ಸ್ಥಿತಿಯೂ ಕಾರಣ ಎಂಬುದನ್ನು ಮರೆಯಬಾರದು. ಮಾರಲಾಗದ ಮನೆಗೆ ಸುಣ್ಣ ಬಳಿಯಲೇಬೇಕಲ್ಲ! 80 ಕೋಟಿ ಡಾಲರ್ ಹಾಕುವುದಾಗಿ ಇಮ್ಮೆಲ್ಟ್ ಹೇಳಿದರು. 2012ರ ಹೊತ್ತಿಗೆ, ಹೊರಗೆ ಮಾಡಿಸುವ ಪದ್ಧತಿ ಈ ವ್ಯವಹಾರದ ಮಟ್ಟಿಗೆ ಹಳತಾಗುತ್ತಿದೆ ಎಂದು ಬಹಿರಂಗವಾಗಿ ಬರೆದರು.

ಗೀಸರ್ ವಿಷಯಕ್ಕೆ ಮರಳೋಣ. ಚೀನಾದಲ್ಲಿ ತಯಾರಾಗುತ್ತಿದ್ದ ಅದನ್ನು ಲೂಯಿವಿಲ್ಲಿನಲ್ಲೇ ಜೋಡಿಸಬೇಕೆಂದಾಗ ಎಂಜಿನಿಯರುಗಳು, ಜೋಡಣೆಯ ಸಾಲಿನ ಕಾರ್ಮಿಕರು, ಮಾರಾಟದವರು ಒಂದೇ ಮೇಜಿನ ಸುತ್ತ ಕುಳಿತು ಯಂತ್ರವನ್ನು ಬಿಚ್ಚಿದರು. ಒಳಗಿದ್ದದ್ದು ತಾಮ್ರದ ಕೊಳವೆಗಳ ಗೋಜಲು. ಬೆಸುಗೆಯ ಕಡ್ಡಿ ಸಲೀಸಾಗಿ ತಲುಪದ ಜಾಗಗಳಲ್ಲಿ ಬೆಸುಗೆ ಬೀಳಬೇಕಿತ್ತು. ನಕ್ಷೆ ಬರೆದವರು ತಾವು ಬರೆದದ್ದನ್ನು ಎಂದೂ ಕೈಯಲ್ಲಿ ಜೋಡಿಸಿ ನೋಡಿರಲಿಲ್ಲ. ಜೋಡಿಸುವ ಕಷ್ಟ ಅವರದಾಗಿರಲಿಲ್ಲ. ಕಾಗದದ ಮೇಲೆ ಚೆನ್ನಾಗಿಯೇ ಇದ್ದ ಆ ಗೋಜಲನ್ನು ಕೈಬಿಟ್ಟು ಹೊಸದಾಗಿ ಬರೆದರು. ಐದರಲ್ಲಿ ಒಂದು ಬಿಡಿಭಾಗ ಬೇಡವಾಯಿತು. ಕಚ್ಚಾಸಾಮಗ್ರಿಯ ಖರ್ಚು ನಾಲ್ಕನೇ ಒಂದರಷ್ಟು ಇಳಿಯಿತು. ಚೀನಾದಲ್ಲಿ ಒಂದು ಗೀಸರ್ ಜೋಡಿಸಲು ಹತ್ತು ತಾಸಿನ ದುಡಿಮೆ ಬೇಕಿದ್ದದ್ದು ಇಲ್ಲಿ ಎರಡು ತಾಸಿಗೆ ಬಂತು. ಕೂಲಿಯ ದರ ನಾಲ್ಕೈದು ಪಟ್ಟು ಹೆಚ್ಚಿದ್ದರೂ ಕೂಲಿಯ ಮೊತ್ತ ಹೆಚ್ಚಾಗದಿರಲು ಇಷ್ಟು ಸಾಕು. ದರವನ್ನು ನೋಡುತ್ತಿದ್ದವರು ತಾಸನ್ನು ನೋಡಿರಲಿಲ್ಲ. ಕೂಲಿ ಅಗ್ಗವಾಗಿದ್ದಾಗ ತಾಸು ಎಣಿಸುವ ಗರಜು ಯಾರಿಗೂ ಬೀಳುವುದಿಲ್ಲ. ಅಗ್ಗದ ಕೂಲಿಯ ಅಸಲಿ ದುಬಾರಿತನ ಇರುವುದೇ ಇಲ್ಲಿ: ಅದು ಕೆಟ್ಟ ನಕ್ಷೆಯನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಳ್ಳುತ್ತದೆ.

ಇಲ್ಲಿ ಯಾರಾದರೂ ತಡೆದು ಕೇಳಬಹುದು, ಕೇಳಲೇಬೇಕು ಕೂಡ: ಅದೇ ತಿದ್ದಿದ ನಕ್ಷೆಯನ್ನು ಚೀನಾಕ್ಕೆ ಕಳಿಸಿದ್ದರೆ ಅಲ್ಲಿಯೂ ಎರಡೇ ತಾಸು ಹಿಡಿಯುತ್ತಿತ್ತಲ್ಲ, ಆಗ ಇನ್ನೂ ಅಗ್ಗವಾಗುತ್ತಿತ್ತಲ್ಲ? ಅಂಕಗಣಿತದ ಮಟ್ಟಿಗೆ ಈ ಆಕ್ಷೇಪ ಸರಿ. ಆದರೆ ಆ ನಕ್ಷೆ ತಿದ್ದುಪಡಿಯಾದದ್ದೇ ಮಾಡುವವರೂ ಬರೆಯುವವರೂ ಒಂದೆಡೆ ಕೂತದ್ದರಿಂದ. ಚೀನಾದ ಆ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದವರಿಗೆ ಆ ಗೋಜಲಿನ ಕಷ್ಟ ಲೂಯಿವಿಲ್ಲಿನವರಿಗಿಂತ ಮೊದಲೇ, ಅವರಿಗಿಂತ ಚೆನ್ನಾಗಿಯೇ ಗೊತ್ತಿದ್ದಿರಬೇಕು. ಅವರ ಕೈ ಯಾವ ವಿಧದಲ್ಲೂ ಕಡಿಮೆಯದಲ್ಲ. ಗೊತ್ತಿದ್ದದ್ದನ್ನು ಹೇಳಲು ಅವರಿಗೆ ದಾರಿಯೂ ಇರಲಿಲ್ಲ, ಹೇಳುವುದರಿಂದ ಲಾಭವೂ ಇರಲಿಲ್ಲ. ಗುತ್ತಿಗೆ ಕಾರ್ಖಾನೆಯ ಕೆಲಸ ಕೊಟ್ಟ ನಕ್ಷೆಯಂತೆ ಮಾಡಿಕೊಡುವುದು. ನಮ್ಮಲ್ಲೂ ಹೊರಗುತ್ತಿಗೆಗೆ ಸಿದ್ಧ ಉಡುಪು ಹೊಲಿಯುವವರು ಮಾದರಿಯಲ್ಲಿರುವ ತಪ್ಪು ಹೊಲಿಗೆಯನ್ನು ತಪ್ಪಾಗಿಯೇ ಹೊಲಿದು ಕಳಿಸುತ್ತಾರೆ. ತಿದ್ದಿದರೆ ಮಾಲು ವಾಪಸ್ ಬರುತ್ತದೆ. ಹಾಗಾಗಿ ನಾನು ಹೇಳುತ್ತಿರುವುದು ಅಮೆರಿಕದ ಕೈ ಜಾಣ, ಚೀನಾದ ಕೈ ಪೆದ್ದು ಎಂದಲ್ಲ. ಕೈಗೂ ತಲೆಗೂ ನಡುವೆ ಒಂದು ಸಾಗರವನ್ನೂ ಒಂದು ಗುತ್ತಿಗೆ ಪತ್ರವನ್ನೂ ಇಟ್ಟರೆ ನಡುವೆ ಹರಿಯಬೇಕಾದದ್ದು ಹರಿಯುವುದಿಲ್ಲ ಎಂದಷ್ಟೇ. ಈ ವ್ಯತ್ಯಾಸ ಮುಖ್ಯ, ಯಾಕೆಂದರೆ ಕತೆಯ ಕೊನೆಯಲ್ಲಿ ಚೀನಾದ ಕೈಗೇ ತಲೆಯೂ ಬರುತ್ತದೆ.

ಕಾಲದ ಖಾತೆಯೂ ಹೀಗೆಯೇ ಬಿಟ್ಟುಹೋಗಿತ್ತು. ಚೀನಾದಿಂದ ಹೊರಟ ಗೀಸರ್ ನಾಲ್ಕು ವಾರ ಹಡಗಿನಲ್ಲಿರುತ್ತಿತ್ತು. ಲೂಯಿವಿಲ್ಲಿನಲ್ಲಿ ಜೋಡಣೆಯ ಸಾಲಿನಿಂದ ಗೋದಾಮಿಗೆ ಅರ್ಧ ತಾಸಿನ ದಾರಿ. ಹಡಗಿನಲ್ಲಿ ತೇಲುತ್ತಿರುವ ಮಾಲು ಎಂದರೆ ಬಡ್ಡಿ ತಿನ್ನುತ್ತಿರುವ ದುಡ್ಡು. ಒಂದು ದೋಷ ಕಂಡುಬಂದರೆ ಸಮುದ್ರದ ಮೇಲಿರುವುದಷ್ಟೂ ಅದೇ ದೋಷದ ಮಾಲು. ಈ ಸಂಗತಿಯನ್ನು ಅಮೆರಿಕದ ದೈತ್ಯ ಕಂಪನಿಗಿಂತ ಮೊದಲೇ ಕಂಡುಕೊಂಡದ್ದು ಜರ್ಮನಿಯ ಒಂದು ಗೊಂಬೆ ಕಂಪನಿ. ಗೀಂಗೆನ್ ಎಂಬ ಪುಟ್ಟ ಊರಿನ ಸ್ಟೈಫ್, ಕಿವಿಯಲ್ಲಿ ಗುಂಡಿ ತೊಟ್ಟ ಟೆಡ್ಡಿ ಕರಡಿಗಳಿಗೆ ಹೆಸರುವಾಸಿ. ಬಾಲ್ಯದಲ್ಲೇ ಪೋಲಿಯೋದಿಂದ ಕಾಲಿನ ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿಯಲ್ಲೇ ಬದುಕಿದ ಮಾರ್ಗರೆಟೆ ಸ್ಟೈಫ್ 1880ರಲ್ಲಿ ಶುರು ಮಾಡಿದ ಕಸುಬು ಅದು. 2000ದ ದಶಕದ ಮೊದಲರ್ಧದಲ್ಲಿ ಈ ಕಂಪನಿ ತನ್ನ ಗೊಂಬೆಗಳ ಒಂದು ಪಾಲನ್ನು ಚೀನಾದಲ್ಲಿ ಮಾಡಿಸತೊಡಗಿತು. 2008ರಲ್ಲಿ ಅಲ್ಲಿಂದ ಹೊರಬರುವುದಾಗಿ ಸಾರಿತು. ಗೊಂಬೆಯ ಗಾಜಿನ ಕಣ್ಣು ಕೂದಲೆಳೆಯಷ್ಟು ಆಚೀಚೆಯಾದರೂ ಮುದ್ದು ಮುಖ ಪೆಚ್ಚು ಮುಖವಾಗುತ್ತದೆ. ಆ ಕೈ ಪಳಗಲು ತಿಂಗಳುಗಟ್ಟಲೆ ಬೇಕು. ಪಳಗುವಷ್ಟರಲ್ಲಿ ಕೆಲಸಗಾರರು ಹೆಚ್ಚು ಸಂಬಳ ಕೊಡುವ ಪಕ್ಕದ ಕಾರ್ಖಾನೆಗೆ ಹೊರಟುಹೋಗಿರುತ್ತಿದ್ದರು. ಮೇಲಾಗಿ ಗೊಂಬೆಯ ಮೋಹ ದಿಢೀರನೆ ಬರುವಂಥದ್ದು. ಮಕ್ಕಳು ಹಂಬಲಿಸುವಾಗ ಮಾಲು ಹಡಗಿನಲ್ಲಿದ್ದರೆ ಪ್ರಯೋಜನವಿಲ್ಲ. ಸ್ಟೈಫ್ ಬಿಟ್ಟದ್ದು ಚೀನಾವನ್ನು. ಟುನೀಸಿಯಾದ ತನ್ನ ಕಾರ್ಖಾನೆಯನ್ನು ಬಿಡಲಿಲ್ಲ. ಅಂದರೆ ಜರ್ಮನಿಯಲ್ಲೇ ಎಲ್ಲವೂ ಆಗಬೇಕೆಂಬ ಹಟ ಅದಕ್ಕಿರಲಿಲ್ಲ. ಕೈಯಳತೆಯಲ್ಲಿ, ತನ್ನ ಕಣ್ಣಮುಂದೆ ಆಗಬೇಕೆಂಬುದಿತ್ತು. ‘ತವರು’ ಎಂಬ ಮಾತನ್ನು ದೇಶದ ಗಡಿಗೆ ಅಂಟಿಸಿ ನೋಡುವವರು ಇದನ್ನು ಗಮನಿಸಬೇಕು.

ಇನ್ನು, ಕೂಲಿ ಮುಖ್ಯವಲ್ಲ ಎಂದು ನಾನು ಹೇಳಿದಂತಾದರೆ ಅದನ್ನು ತಿದ್ದಬೇಕು. ಲೂಯಿವಿಲ್ಲಿಗೆ ಕೆಲಸ ಮರಳುವ ಮೊದಲು ಅಲ್ಲಿನ ಕೂಲಿ ಇಳಿದಿತ್ತು. 2005ರಲ್ಲಿ ಯೂನಿಯನ್ ಎರಡು ಹಂತದ ಸಂಬಳಕ್ಕೆ ಒಪ್ಪಿತು: ಹಳಬರಿಗೆ ಹಳೆಯ ದರ, ಹೊಸದಾಗಿ ಸೇರುವವರಿಗೆ ಗಂಟೆಗೆ ಹದಿಮೂರೂವರೆ ಡಾಲರಿನ ಆಸುಪಾಸು. ಹಿಂದಿನ ಆರಂಭಿಕ ಸಂಬಳಕ್ಕಿಂತ ಅದು ಹೆಚ್ಚುಕಡಿಮೆ ಎಂಟು ಡಾಲರ್ ಕಮ್ಮಿ. ಒಂದೇ ಸಾಲಿನಲ್ಲಿ ಅಕ್ಕಪಕ್ಕ ನಿಂತು ಒಂದೇ ತಿರುಪು ಬಿಗಿಯುವ ಇಬ್ಬರಿಗೆ ಎರಡು ಸಂಬಳ. ಕೆಲವೇ ವರ್ಷಗಳಲ್ಲಿ ಅಲ್ಲಿನ ಬಹುಪಾಲು ಕೆಲಸಗಳು ಕೆಳಗಿನ ಹಂತದವೇ ಆದವು. ಜೊತೆಗೆ ವಿದ್ಯುತ್ ಉಳಿಸುವ ಯಂತ್ರಗಳ ತಯಾರಿಕೆಗೆಂದು ಒಕ್ಕೂಟ ಸರ್ಕಾರದ ತೆರಿಗೆ ವಿನಾಯಿತಿ, ರಾಜ್ಯ ಮತ್ತು ನಗರದ ರಿಯಾಯಿತಿಗಳೂ ಸೇರಿದವು. ಇವೆಲ್ಲ ಇಲ್ಲದಿದ್ದರೆ ಗೀಸರ್ ಬರುತ್ತಿತ್ತೇ? ಬರುತ್ತಿರಲಿಲ್ಲ ಎಂದೇ ನನ್ನ ಊಹೆ. ಆದರೆ ಹದಿಮೂರೂವರೆ ಡಾಲರ್ ಕೂಡ ಚೀನಾದ ಕೂಲಿಗೆ ಹೋಲಿಸಿದರೆ ಬಹಳ ದೊಡ್ಡದು. ಹತ್ತು ತಾಸಿನ ಹಳೆಯ ನಕ್ಷೆಯನ್ನೇ ಇಟ್ಟುಕೊಂಡು ಇಳಿಸಿದ ಸಂಬಳದಲ್ಲಿ ಮಾಡಿದ್ದರೂ ಲೆಕ್ಕ ಕೂಡುತ್ತಿರಲಿಲ್ಲ. ಕೂಲಿ ಇಳಿದದ್ದು ಬಾಗಿಲು ತೆರೆಯಿತು, ನಕ್ಷೆ ತಿದ್ದಿದ್ದು ಒಳಗೆ ಕರೆತಂದಿತು. ಇದರಲ್ಲಿ ಒಂದು ಅನ್ಯಾಯವೂ ಇದೆ, ಹೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ಹತ್ತು ತಾಸನ್ನು ಎರಡಕ್ಕೆ ಇಳಿಸುವುದರಲ್ಲಿ ಪಾಲುಗೊಂಡ ಕೈಗಳಿಗೇ, ಆ ಅರಿವು ಕಂಪನಿಗೆ ಎಷ್ಟು ಬೆಲೆಬಾಳುತ್ತದೆ ಎಂದು ಸಾಬೀತಾದ ಹೊತ್ತಿನಲ್ಲೇ, ಹಿಂದಿನವರಿಗಿಂತ ಕಡಿಮೆ ಸಿಕ್ಕಿತು. ಖಾತೆ ತೆರೆದರು, ಅದರಲ್ಲಿ ಜಮಾ ಮಾತ್ರ ಬೇರೆಯವರ ಹೆಸರಿಗೆ.

ಯಂತ್ರಮಾನವರು ಬಂದ ಮೇಲೆ ಕೂಲಿಯ ಮಾತೇ ಏಳುವುದಿಲ್ಲ, ಆದ್ದರಿಂದಲೇ ಕಾರ್ಖಾನೆಗಳು ಮರಳುತ್ತಿವೆ ಎನ್ನುವವರೂ ಇದ್ದಾರೆ. ಅವರಿಗೆ ಅಡಿಡಾಸ್ ಕಂಪನಿಯ ಉದಾಹರಣೆ ಕೊಡಬೇಕಾಗುತ್ತದೆ. ಬೂಟುಗಳ ತಯಾರಿಕೆಯನ್ನು ದಶಕಗಳ ಹಿಂದೆಯೇ ಏಷ್ಯಾಕ್ಕೆ ಕಳಿಸಿದ್ದ ಆ ಕಂಪನಿ ಜರ್ಮನಿಯ ಆನ್ಸ್‌ಬಾಕ್‌ನಲ್ಲಿ, ಆಮೇಲೆ ಅಮೆರಿಕದ ಅಟ್ಲಾಂಟಾ ಬಳಿ, ‘ಸ್ಪೀಡ್ ಫ್ಯಾಕ್ಟರಿ’ ಎಂಬ ರೋಬಾಟ್ ಕಾರ್ಖಾನೆಗಳನ್ನು ತೆರೆಯಿತು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಹೊಸ ಯುಗ ಎಂದು ಕೊಂಡಾಡಿದವು. 2019ರ ಕೊನೆಗೆ ಎರಡನ್ನೂ ಮುಚ್ಚುವುದಾಗಿ ಕಂಪನಿ ಹೇಳಿತು. ಅಲ್ಲಿ ಕಲಿತ ತಂತ್ರಗಳನ್ನು ಏಷ್ಯಾದ ಸರಬರಾಜುದಾರರಿಗೆ ಕೊಡಲಾಯಿತು. ಆ ಯಂತ್ರಗಳು ಒಂದೇ ಬಗೆಯ ಹೆಣೆದ ಬೂಟನ್ನು ಸೊಗಸಾಗಿ ಮಾಡುತ್ತಿದ್ದವು, ಬೇರೆ ಬಗೆಗೆ ಹೊರಳಲು ತಿಣುಕುತ್ತಿದ್ದವು. ಅಂಟು, ಅಟ್ಟೆ, ಲಾಡಿ, ಅಚ್ಚು ಮಾಡುವವರು, ಅವರ ಮಧ್ಯೆ ಓಡಾಡುವ ಮೇಸ್ತ್ರಿಗಳು, ಎಲ್ಲರೂ ವಿಯೆಟ್ನಾಂ ಮತ್ತು ಚೀನಾದಲ್ಲಿದ್ದರು. ಮೂವತ್ತು ವರ್ಷ ಕೈ ಎಲ್ಲಿತ್ತೋ ಅರಿವೂ ಅಲ್ಲಿಗೇ ಹೋಗಿ ನೆಲೆಸಿತ್ತು. ಲೂಯಿವಿಲ್ಲಿನ ಅದೃಷ್ಟವೆಂದರೆ ಅಲ್ಲಿ ಎಲ್ಲವೂ ಖಾಲಿಯಾಗಿರಲಿಲ್ಲ. ಎರಡು ಸಾವಿರದಷ್ಟು ಜನ ಕುಂಟುತ್ತಲಾದರೂ ಯಂತ್ರಗಳನ್ನು ಮಾಡುತ್ತಲೇ ಇದ್ದರು. ಕೆಂಡ ಉಳಿದಿದ್ದ ಒಲೆಯನ್ನು ಊದಿ ಹತ್ತಿಸಬಹುದು. ಅಡಿಡಾಸ್ ಊದಿದ್ದು ಬೂದಿಯನ್ನು.

ಸುಂಕದ ವಾದಕ್ಕೆ ಉತ್ತರಿಸುವುದು ಇಷ್ಟು ಸುಲಭವಲ್ಲ. ವಿದೇಶಿ ಮಾಲಿನ ಮೇಲೆ ಸುಂಕ ಹೇರಿದರೆ ಕಾರ್ಖಾನೆ ತಾನಾಗಿ ಬರುತ್ತದೆ ಎಂಬುದಕ್ಕೆ ವಾಷಿಂಗ್ ಮೆಷಿನ್ನೇ ಸಾಕ್ಷಿಯಾಗಿ ನಿಂತಿದೆ. 2018ರ ಜನವರಿಯಲ್ಲಿ ಅಮೆರಿಕ ಆಮದು ವಾಷಿಂಗ್ ಮೆಷಿನ್‌ಗಳ ಮೇಲೆ ಭಾರೀ ಸುಂಕ ಹಾಕಿತು. ಸ್ಯಾಮ್‌ಸಂಗ್ ದಕ್ಷಿಣ ಕೆರೊಲಿನಾದ ನ್ಯೂಬರಿಯಲ್ಲಿ, ಎಲ್.ಜಿ. ಟೆನ್ನೆಸಿಯ ಕ್ಲಾರ್ಕ್ಸ್‌ವಿಲ್‌ನಲ್ಲಿ ಕಾರ್ಖಾನೆ ನಡೆಸತೊಡಗಿದವು. ಫ್ಲಾನ್, ಹೊರ್ತಚ್ಸು, ಟಿಂಟೆಲ್ನಾಟ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದರ ಲೆಕ್ಕ ಹಾಕಿದರು: ವಾಷಿಂಗ್ ಮೆಷಿನ್ ಬೆಲೆ ಶೇ. 12ರಷ್ಟು ಏರಿತು, ಸುಂಕವೇ ಇಲ್ಲದ ಬಟ್ಟೆ ಒಣಗಿಸುವ ಯಂತ್ರದ ಬೆಲೆಯೂ ಏರಿತು, ಎರಡನ್ನೂ ಜನ ಜೋಡಿಯಾಗಿ ಕೊಳ್ಳುತ್ತಾರಲ್ಲ. ಹುಟ್ಟಿದ ಉದ್ಯೋಗ ಸುಮಾರು 1,800. ಒಂದೊಂದು ಉದ್ಯೋಗಕ್ಕೆ ಗ್ರಾಹಕರ ಜೇಬಿನಿಂದ ಹೋದದ್ದು ವರ್ಷಕ್ಕೆ ಎಂಟು ಲಕ್ಷ ಡಾಲರಿಗೂ ಹೆಚ್ಚು. ಹಾಗಾಗಿ ಸುಂಕ ಕಾರ್ಖಾನೆಯನ್ನು ತರುತ್ತದೆ ಎಂಬುದು ನಿಜ. ಆದರೆ ಸುಂಕ ತಂದದ್ದು ದುಬಾರಿ ಮೆಷಿನ್ನನ್ನು, ಮೇಜಿನ ಸುತ್ತ ಕೂತವರು ತಂದದ್ದು ಅಗ್ಗದ ಗೀಸರನ್ನು. ಬಂದದ್ದೂ ಕೊರಿಯಾದ ಕಂಪನಿಗಳು. ಅವಕ್ಕೆ ಅದು ತವರಲ್ಲ, ಗಿರಾಕಿಯ ಮನೆ.

ಇಷ್ಟಾಗಿಯೂ, ಎಲ್ಲಕ್ಕಿಂತ ಬಲವಾದ ಆಕ್ಷೇಪ ಗೀಸರಿನದೇ ಗತಿ. ಜಿ.ಇ. ಗೃಹಬಳಕೆ ವ್ಯವಹಾರವನ್ನು ಮಾರುವ ಆಸೆಯನ್ನು ಬಿಟ್ಟಿರಲಿಲ್ಲ. 2014ರಲ್ಲಿ ಸ್ವೀಡನ್ನಿನ ಎಲೆಕ್ಟ್ರೊಲಕ್ಸ್ 330 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಪೈಪೋಟಿ ಕುಗ್ಗುತ್ತದೆಂದು ಅಮೆರಿಕದ ನ್ಯಾಯ ಇಲಾಖೆ ದಾವೆ ಹೂಡಿದ ಮೇಲೆ 2015ರ ಡಿಸೆಂಬರಿನಲ್ಲಿ ಆ ವ್ಯಾಪಾರ ಮುರಿದುಬಿತ್ತು. ಮರುತಿಂಗಳೇ ಚೀನಾದ ಹೈಯರ್ 540 ಕೋಟಿ ಡಾಲರಿನ ಮಾತು ಮುಗಿಸಿ, 2016ರ ಜೂನ್‌ನಲ್ಲಿ ಅಪ್ಲಯನ್ಸ್ ಪಾರ್ಕಿನ ಒಡೆಯನಾಯಿತು. ಅದೇ ವರ್ಷದ ಕೊನೆಗೆ ಜಿಯೋಸ್ಪ್ರಿಂಗ್ ತಯಾರಿಕೆ ನಿಂತಿತು. ನಿರೀಕ್ಷಿಸಿದಷ್ಟು ಜನ ಕೊಳ್ಳಲಿಲ್ಲ. ಕೆಲವೇ ನೂರು ಡಾಲರಿಗೆ ಸಾಮಾನ್ಯ ಗೀಸರ್ ಸಿಗುವಾಗ, ಮುಂದೆಂದೋ ವಿದ್ಯುತ್ ಬಿಲ್ಲಿನಲ್ಲಿ ಉಳಿಯುವ ಹಣಕ್ಕಾಗಿ ಇಂದು ಸಾವಿರ ಡಾಲರ್ ಮೀರಿ ತೆರುವವರು ಎಲ್ಲ ಊರಲ್ಲೂ ಕಡಿಮೆಯೇ. ತವರಿಗೆ ಬಂದ ಮೇಲೆ ಐದು ವರ್ಷವೂ ಬಾಳದ ಒಂದು ವಸ್ತುವಿನ ಮೇಲೆ ಇಷ್ಟು ದೊಡ್ಡ ವಾದ ಕಟ್ಟಬಹುದೇ? ಕಟ್ಟಬಹುದು ಎಂದೇ ನನ್ನ ಅನಿಸಿಕೆ. ಸೋತದ್ದು ವಸ್ತು, ಅದನ್ನು ಮಾಡಿದ ರೀತಿಯಲ್ಲ. ಚೀನಾದಲ್ಲೇ ಉಳಿದಿದ್ದರೆ ಮುನ್ನೂರು ಡಾಲರ್ ಹೆಚ್ಚಿನ ಬೆಲೆಗೆ ಇನ್ನೂ ಬೇಗ ಸೋಲುತ್ತಿತ್ತು. ಹೊಸ ಒಡೆಯರ ಕಾಲದಲ್ಲೂ ಲೂಯಿವಿಲ್ಲಿನ ಫ್ರಿಜ್, ಡಿಶ್‌ವಾಷರ್, ವಾಷಿಂಗ್ ಮೆಷಿನ್ ಸಾಲುಗಳು ನಿಲ್ಲಲಿಲ್ಲ. ಜಿ.ಇ. ಅಪ್ಲಯನ್ಸಸ್ ಮುಂದೆ ಗೀಸರ್ ತಯಾರಿಕೆಗೆ ಮತ್ತೆ ಕೈಹಾಕಿತು, ಈ ಸಲ ದಕ್ಷಿಣ ಕೆರೊಲಿನಾದ ಕ್ಯಾಮ್ಡೆನ್‌ನಲ್ಲಿ. ಹೈಯರ್ ಅಮೆರಿಕಕ್ಕೆ ಕಾಲಿಟ್ಟು ಮೊದಲ ಕಾರ್ಖಾನೆ ಕಟ್ಟಿದ ಊರು ಅದು.

ಹೈಯರ್ ಯಾರು ಎಂದು ನೋಡಿದರೆ ಇಡೀ ಕತೆ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. 1984ರಲ್ಲಿ ಚೀನಾದ ಚಿಂಗ್‌ಡಾವ್ ಬಂದರಿನಲ್ಲಿ ದಿವಾಳಿಯ ಅಂಚಿನಲ್ಲಿದ್ದ ಒಂದು ಫ್ರಿಜ್ ಕಾರ್ಖಾನೆಗೆ ಜಾಂಗ್ ರುಯಿಮಿನ್ ಮುಖ್ಯಸ್ಥರಾಗಿ ಬಂದರು. ಜರ್ಮನಿಯ ಲೀಬ್‌ಹೆರ್ ಕಂಪನಿಯಿಂದ ತಂತ್ರಜ್ಞಾನ ಪಡೆದರು. ಆ ಹೆಸರಿನ ಚೀನೀ ಉಚ್ಚಾರದ ಬಾಲವೇ ‘ಹೈಯರ್’. 1985ರಲ್ಲಿ ಗೋದಾಮಿನಲ್ಲಿದ್ದ 76 ದೋಷಯುಕ್ತ ಫ್ರಿಜ್ಜುಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳನ್ನು ಮಾಡಿದ ಕಾರ್ಮಿಕರ ಕೈಗೇ ಸುತ್ತಿಗೆ ಕೊಟ್ಟು ಒಡೆಸಿದರು. ಒಂದು ಫ್ರಿಜ್ಜಿನ ಬೆಲೆ ಆಗ ಅಲ್ಲಿನ ಕಾರ್ಮಿಕನ ಎಷ್ಟೋ ತಿಂಗಳ ಸಂಬಳ. ಆ ಪ್ರಸಂಗವನ್ನು ಕಂಪನಿ ತನ್ನ ಪುರಾಣವಾಗಿಸಿಕೊಂಡಿರಬಹುದು, ಆದರೂ ಅದರ ತಿರುಳು ಸ್ಪಷ್ಟ: ದೋಷದ ಹೊಣೆಯೂ ದೋಷದ ಅರಿವೂ ಮಾಡುವ ಕೈಗೆ ಸೇರಿದ್ದು. ಜಿ.ಇ.ಯಲ್ಲಿ ತಂತ್ರಜ್ಞರ ಮಾತು ಮೆಟ್ಟಿಲಲ್ಲಿ ಕರಗುತ್ತಿದ್ದ ಅದೇ ದಶಕದಲ್ಲಿ ಚಿಂಗ್‌ಡಾವ್‌ನಲ್ಲಿ ನಡೆದದ್ದು ಇದು. ಮೂವತ್ತು ವರ್ಷಗಳ ನಂತರ ಯಾರು ಯಾರನ್ನು ಕೊಂಡರು ಎಂಬುದಕ್ಕೆ ಬರೀ ಅಗ್ಗದ ಕೂಲಿಯನ್ನು ಕಾರಣವಾಗಿ ಹೇಳುವವರು ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಮಾಡುವುದನ್ನು ಬಿಟ್ಟುಕೊಟ್ಟವನು ಕೊನೆಗೆ ಯೋಚಿಸುವುದನ್ನೂ ಬಿಟ್ಟುಕೊಡುತ್ತಾನೆ ಎಂಬ ಭಯ ಅಮೆರಿಕದಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ.

2025ರ ಜೂನ್‌ನಲ್ಲಿ ಅಪ್ಲಯನ್ಸ್ ಪಾರ್ಕಿನಿಂದ ಇನ್ನೊಂದು ಪ್ರಕಟಣೆ ಬಂತು. ಚೀನಾದಲ್ಲಿ ತಯಾರಾಗುತ್ತಿದ್ದ, ಮುಂದಿನಿಂದ ಬಟ್ಟೆ ತುಂಬುವ ವಾಷಿಂಗ್ ಮೆಷಿನ್‌ಗಳನ್ನು ಲೂಯಿವಿಲ್ಲಿಗೆ ತರಲು 49 ಕೋಟಿ ಡಾಲರ್ ಹೂಡಿಕೆ, 800 ಹೊಸ ಉದ್ಯೋಗ, 2027ರಲ್ಲಿ ಆರಂಭ. ಹೊಸ ಸುಂಕಗಳ ಕಾಲದಲ್ಲಿ ಬಂದ ಈ ತೀರ್ಮಾನದಲ್ಲಿ ಸುಂಕದ ಪಾಲೆಷ್ಟು, ಹದಿಮೂರು ವರ್ಷಕ್ಕೂ ಹಿಂದೆ ಗೀಸರ್ ಬಿಚ್ಚಿದ ಮೇಜಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಪತ್ರಿಕೆಗಳು ಎಂದಿನಂತೆ ಉತ್ಪಾದನೆ ತವರಿಗೆ ಮರಳುತ್ತಿದೆ ಎಂದು ಬರೆದವು. ಯಂತ್ರದ ಮೇಲೆ ಥಾಮಸ್ ಎಡಿಸನ್ ಕಾಲದಿಂದ ಬಂದ ಕಂಪನಿಯ ಹೆಸರಿರುತ್ತದೆ, ತಿರುಪು ಬಿಗಿಯುವವರು ಕೆಂಟಕಿಯವರು, ಲಾಭ ಹೋಗುವುದು ಚಿಂಗ್‌ಡಾವ್‌ಗೆ.